ರಾಜಿ ಆಯಿತು, ಬಾಂದು ಎಲ್ಲಿ?



ಮಧ್ಯಸ್ಥಿಕೆಗಾರರ ಈ ಸಮಾವೇಶದ ಅಧ್ಯಕ್ಷತೆಗೆ ನನ್ನನ್ನು ಕರೆದಿದ್ದೀರಿ. ಊಟದ ಹೊತ್ತಿಗೆ ಮುಗಿಸಬೇಕೆಂದು ಆಗಲೇ ಚೀಟಿ ಬಂದಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮಗೆ ಕಾನೂನಿನ ಬರವಿಲ್ಲ. ವ್ಯಾಜ್ಯವನ್ನು ಕೋರ್ಟಿನ ಹೊರಗೆ ಸಂಧಾನಕ್ಕೆ ಕಳಿಸುವ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 89ನೇ ಕಲಂ 2002ರ ಜುಲೈಯಲ್ಲಿ ಜಾರಿಗೆ ಬಂತು. 2007ರ ಜನವರಿಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಬಾಗಿಲು ತೆರೆಯಿತು. ಆ ಕಲಮಿನ ಕರಡಿನಲ್ಲೇ ಇದ್ದ ಎಡವಟ್ಟನ್ನು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಸುಪ್ರೀಂ ಕೋರ್ಟಿನ 2010ರ ಆಫ್ಕಾನ್ಸ್ ತೀರ್ಪಿನಲ್ಲಿ ತಿದ್ದಿದರು. ಯಾವ ಬಗೆಯ ವ್ಯಾಜ್ಯ ಸಂಧಾನಕ್ಕೆ ಹೊಂದುತ್ತದೆಂದು ಪಟ್ಟಿಯನ್ನೂ ಕೊಟ್ಟರು. ಕುಟುಂಬದ ಪಾಲು ವಿಭಾಗ ಅದರಲ್ಲಿದೆ. 2023ರಲ್ಲಿ ಮಧ್ಯಸ್ಥಿಕೆಗೆಂದೇ ಒಂದು ಕಾಯ್ದೆಯಾಯಿತು. ಮಸೂದೆಯಲ್ಲಿ ದಾವೆಗೆ ಮುಂಚಿನ ಮಧ್ಯಸ್ಥಿಕೆ ಕಡ್ಡಾಯವಿತ್ತು, ಕಾಯ್ದೆಯಲ್ಲಿ ಐಚ್ಛಿಕವಾಯಿತು. ಒಳ್ಳೆಯದೇ ಆಯಿತು. ಕತ್ತು ಹಿಡಿದು ಕೂರಿಸಿದರೆ ಜನ ಕೂತಿರುತ್ತಾರೆ, ಅಷ್ಟೇ.

ನನ್ನ ತಕರಾರು ಪಾಲಿನ ದಾವೆಗಳದ್ದು. ಅವುಗಳ ಆಯಸ್ಸು ನಿಮಗೆ ಗೊತ್ತು. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅದರ ಮೇಲೆ ಅಪೀಲು, ಅದು ಮುಗಿದರೆ ಅಂತಿಮ ಡಿಕ್ರಿಗಾಗಿ ಎಫ್‌ಡಿಪಿ, ಕಂದಾಯದ ಜಮೀನಾದರೆ ಸಿಪಿಸಿಯ 54ನೇ ಕಲಮಿನಂತೆ ಕಡತ ಜಿಲ್ಲಾಧಿಕಾರಿ ಕಚೇರಿಗೆ. ಅಷ್ಟರಲ್ಲಿ ದಾವೆ ಹಾಕಿದ ಅಪ್ಪ ತೀರಿಕೊಂಡು ಮಗ ವಾರಸುದಾರನಾಗಿ ಸೇರಿರುತ್ತಾನೆ. ಇಂಥದ್ದನ್ನು ನಾವು ಎರಡು ಮೂರು ಬೈಠಕ್ಕಿನಲ್ಲಿ ಮುಗಿಸುತ್ತೇವೆಂದು ಬೀಗುತ್ತೇವೆ. ಮುಗಿಯುವುದು ಏನು? ಸಹಿ. ‘ಪೂರ್ವದ ಎರಡು ಎಕರೆ ಅಣ್ಣನಿಗೆ, ಪಶ್ಚಿಮದ ಎರಡು ಎಕರೆ ತಮ್ಮನಿಗೆ’ ಎಂದು ಬರೆದು ಕೋರ್ಟಿಗೆ ಕಳಿಸಿದರೆ ರಾಜಿ ಡಿಕ್ರಿಯಾಗುತ್ತದೆ, ನಮ್ಮ ತಿಂಗಳ ತಖ್ತೆಯಲ್ಲಿ ಒಂದು ಅಂಕಿ ಏರುತ್ತದೆ.

ಆಮೇಲೆ ಸರ್ವೆಯರ್ ಬರುತ್ತಾರೆ. ಪಹಣಿಯಲ್ಲಿದ್ದ ನಾಲ್ಕು ಎಕರೆಯಲ್ಲಿ ಹದಿನೈದು ಗುಂಟೆ ಖರಾಬು ಹೋಗುತ್ತದೆ. ಬಾವಿ ತಮ್ಮನ ಕಡೆ ಬಿದ್ದಿರುತ್ತದೆ, ಅಣ್ಣನ ಹೊಲಕ್ಕೆ ಬಂಡಿದಾರಿಯೇ ಇರುವುದಿಲ್ಲ. ಕೊಳವೆಬಾವಿಯ ಕರೆಂಟು ಇನ್ನೂ ಸತ್ತ ಅಪ್ಪನ ಹೆಸರಿನಲ್ಲಿ. ನಮ್ಮ ರಾಜಿಪತ್ರದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ನಮ್ಮೆದುರು ಕೈ ಹಿಡಿದು ಅತ್ತ ಅಣ್ಣತಮ್ಮಂದಿರು ಬದುವಿನ ಮೇಲೆ ಕುಡುಗೋಲು ಹಿಡಿದು ನಿಲ್ಲುತ್ತಾರೆ. ಮೊದಲು ಸಿವಿಲ್ ದಾವೆ ಒಂದೇ ಇತ್ತು, ಈಗ ಠಾಣೆಯಲ್ಲೊಂದು ಎಫ್‌ಐಆರ್ ಕೂಡ.

ಇದನ್ನು ನಾನು ಇವತ್ತೇ ಮೊದಲು ಹೇಳುತ್ತಿಲ್ಲ. ಪರವಾನಗಿ ಭೂಮಾಪಕರೊಬ್ಬರನ್ನು ಮಧ್ಯಸ್ಥಿಕೆಯ ಕೋಣೆಗೆ ಕರೆಸಿ ಎಂದು ವರ್ಷಗಟ್ಟಲೆ ಬರೆದೆ, ಉತ್ತರ ಬರಲಿಲ್ಲ. ಒಂದು ಸಭೆಯಲ್ಲಿ ಹಿರಿಯರೊಬ್ಬರು ‘ಮಧ್ಯಸ್ಥಿಕೆಗಾರ ಕೋರ್ಟಿನ ಅಮೀನನಲ್ಲ’ ಎಂದರು, ಎಲ್ಲರೂ ನಕ್ಕರು. ಅವರು ಮುಂದಿನ ಸಾಲಿನಲ್ಲೇ ಇದ್ದಾರೆ. ಸ್ವಾಮಿ, ನಾವು ಅಮೀನರಲ್ಲ, ಒಪ್ಪಿದೆ. ಆದರೆ ಅಳೆಯದ ಜಮೀನಿಗೆ ಸಹಿ ಹಾಕಿಸಿ ಅಮೀನನಿಗೆ ಕೆಲಸ ಹುಟ್ಟಿಸುವವರು ನಾವೇ. ಸಮಯವಿಲ್ಲ ಎನ್ನುವವರು 2023ರ ಕಾಯ್ದೆ ಓದಲಿ: 120 ದಿನ, ಎರಡೂ ಕಡೆಯವರು ಒಪ್ಪಿದರೆ ಇನ್ನೂ 60. ಒಂದು ಹೊಲ ಅಳೆಯಲು ಅಷ್ಟು ಸಾಲದೆ?

ಇನ್ನು ಅಕ್ಕತಂಗಿಯರ ಮಾತು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟಾಯಿತು, ಅವರನ್ನೇಕೆ ರಾಜಿಗೆ ಕರೆಯಬೇಕು ಎನ್ನುತ್ತಾರೆ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಅವರನ್ನು ಬಿಟ್ಟು ಮಾಡಿದ ರಾಜಿ ಅವರನ್ನು ಕಟ್ಟಿಹಾಕುವುದಿಲ್ಲ. ನಮ್ಮ ಮಧ್ಯಸ್ಥಿಕೆಯಲ್ಲಿ ಇಷ್ಟು ಕೊರತೆ ಇದೆಯೆಂದು ಹಳೆಯ ಪಂಚಾಯ್ತಿ ಕಟ್ಟೆಯೇ ಬರಲಿ ಎನ್ನುವವರ ಜೊತೆ ನಾನಿಲ್ಲ. ಅಲ್ಲಿ ಹೆಣ್ಣುಮಕ್ಕಳೂ ದಲಿತರೂ ದೂರ ನಿಂತು ಕೇಳಬೇಕಿತ್ತು, ಗೌಡರು ಹೇಳಿದ್ದೇ ರಾಜಿ.

ವಕೀಲ ಬಂಧುಗಳಿಗೆ ಒಂದೇ ಮಾತು. ಮಧ್ಯಸ್ಥಿಕೆಯ ದಿನ ಕಕ್ಷಿದಾರರನ್ನು ಮನೆಯಲ್ಲಿ ಬಿಟ್ಟು ಜೂನಿಯರ್ ಕೈಲಿ ವಾಯಿದೆ ಕೇಳಿಸಬೇಡಿ.

ಹಾಗಾದರೆ ಆಗಬೇಕಾದದ್ದೇನು? ಪ್ರತಿ ತಾಲ್ಲೂಕು ಕೋರ್ಟಿನಲ್ಲಿ ವಾರಕ್ಕೊಂದು ದಿನ ಭೂಮಾಪಕರು ನಮ್ಮ ಜೊತೆ ಕೂರಬೇಕು. ರಾಜಿಪತ್ರ ಕಕ್ಷಿದಾರರು ಓದಬಲ್ಲ ಕನ್ನಡದಲ್ಲಿರಬೇಕು. ಬಾವಿ, ದಾರಿ, ಮೀಟರು, ಸೊಸೈಟಿ ಸಾಲ ಎಲ್ಲ ಅದರಲ್ಲಿ ಬರಬೇಕು. ಹೋಬಳಿಗೊಂದು ಮಧ್ಯಸ್ಥಿಕೆ ಕೊಠಡಿ ಆಗಲಿ, ಮನೆ ಮುರಿಯುವ ಮುಂಚೆಯೇ ಜನ ಅಲ್ಲಿಗೆ ಬರುವಂತಾಗಲಿ ಎಂಬ ಆಸೆಯೂ ಉಂಟು. ಅದು ನನ್ನ ಕಾಲದಲ್ಲಿ ಆಗಲಿಕ್ಕಿಲ್ಲ.

ಮಧ್ಯಾಹ್ನ ನಿರ್ಣಯಗಳು ಬರುತ್ತವೆ. ಪಾಲಾಗುವ ತುಂಡನ್ನು ಅಳೆದು ಗುರುತಿಸುವ 11ಇ ನಕ್ಷೆ ಇಲ್ಲದೆ ಯಾವ ಜಮೀನಿನ ಪಾಲಿಗೂ ಸಹಿ ಹಾಕಿಸುವುದಿಲ್ಲ ಎಂಬುದು ಅವುಗಳಲ್ಲಿ ಮೊದಲನೆಯದಾಗಿರಲಿ. ಒಪ್ಪುವವರು ಕೈ ಎತ್ತಿ. ಒಪ್ಪದವರು ದಯವಿಟ್ಟು ಎದ್ದು ನಿಂತು ಕಾರಣ ಹೇಳಿ.