ಎದೆಯ ತಾಳ ತಪ್ಪಿದಾಗ

ಮಾತ್ರೆಗಳನ್ನು ಎಣಿಸುವುದು ನನ್ನ ಕಸುಬು. ಲಘುವಿಗೆ ಒಂದು, ಗುರುವಿಗೆ ಎರಡು. ಒಂದು ತಪ್ಪಿದರೂ ಪದ್ಯ ಕುಂಟುತ್ತದೆಂದು ಹೈಸ್ಕೂಲಿನ ಮಕ್ಕಳಿಗೆ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ನನ್ನ ಎದೆಯೊಳಗೇ ಮಾತ್ರೆ ತಪ್ಪುತ್ತಿದ್ದುದು ಮಾತ್ರ ನನಗೆ ತಿಳಿಯಲಿಲ್ಲ.

ಕಳೆದ ಆಷಾಢದಲ್ಲಿ ಒಂದು ದಿನ, ಕರಿಹಲಗೆಯ ಮೇಲೆ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದಾಗ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ನೆಲದ ಮೇಲಿದ್ದೆ. ಮಕ್ಕಳು ಸುತ್ತ ನಿಂತು ಪುಸ್ತಕಗಳಿಂದ ಗಾಳಿ ಬೀಸುತ್ತಿದ್ದರು. ಕುದೇರಿನ ಬಸ್ ನಿಲ್ದಾಣದಿಂದ ಮನೆ ಸೇರುವಷ್ಟರಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳುವುದು ಅದಕ್ಕೆ ಮೊದಲೇ ರೂಢಿಯಾಗಿತ್ತು. ವಯಸ್ಸಾಯಿತೆಂದು ಸುಮ್ಮನಿದ್ದೆ. ಚಾಮರಾಜನಗರದ ವೈದ್ಯರು ನಾಡಿ ಹಿಡಿದು ಗಡಿಯಾರ ನೋಡಿದರು: ನಿಮಿಷಕ್ಕೆ 42.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. 60ಕ್ಕಿಂತ ಕಡಮೆಯಾದುದೆಲ್ಲ ರೋಗವಲ್ಲ. ನಿದ್ರೆಯಲ್ಲಿ ಎಲ್ಲರಿಗೂ ಇಳಿಯುತ್ತದೆ. ಓಟಗಾರರಿಗೆ ಹಗಲಲ್ಲೂ ಕಡಮೆಯಿರಬಹುದು. ರಕ್ತದೊತ್ತಡದ ಕೆಲವು ಔಷಧಿಗಳಿಂದಲೂ, ಥೈರಾಯಿಡ್ ಕೊರತೆಯಿಂದಲೂ ಬಡಿತ ನಿಧಾನವಾಗುವುದುಂಟು. ನನ್ನಲ್ಲಿ ಅವು ಯಾವುವೂ ಇರಲಿಲ್ಲ. ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ತಾಳ ಹಾಕುವ ಒಂದು ಸಣ್ಣ ಗಂಟು ಇದೆ. ಅಲ್ಲಿ ಹುಟ್ಟುವ ವಿದ್ಯುತ್ತೇ ಬಡಿತಕ್ಕೆ ಮೂಲ. ಆ ತಾಳಗಾರನೇ ಈಗ ಮರೆಗುಳಿಯಾಗಿದ್ದಾನೆ. ಇಪ್ಪತ್ತನಾಲ್ಕು ಗಂಟೆ ಎದೆಗೆ ಕಟ್ಟಿದ ಯಂತ್ರದ ದಾಖಲೆಯಲ್ಲಿ, ಎಚ್ಚರವಿದ್ದಾಗಲೇ ನಾಲ್ಕು ಸೆಕೆಂಡುಗಳ ಒಂದು ಯತಿ ಕಂಡಿತು. ಛಂದಸ್ಸಿನಲ್ಲಿ ಯತಿ ಶೋಭೆ; ಎದೆಯಲ್ಲಿ ಅಪಾಯ.

“ಇದಕ್ಕೆ ಮಾತ್ರೆಯಿಲ್ಲವೇ ಡಾಕ್ಟರೇ?” ಎಂದೆ. “ಬಹುಕಾಲ ನಂಬಿಕೊಳ್ಳುವಂಥದು ಇಲ್ಲ ಮೇಷ್ಟ್ರೇ, ಪೇಸ್‌ಮೇಕರ್ ಹಾಕಿಸಿ” ಎಂದರು.

ಮನೆಯಲ್ಲಿ ಚರ್ಚೆ ಎದ್ದಿತು. “ಎದೆಯೊಳಗೆ ಯಂತ್ರ ಇಟ್ಕೊಂಡು ಬದುಕೋದುಂಟಾ ಮಗ?” ಎಂದು ತಾಯಿ ಕಣ್ಣೀರಿಟ್ಟರು. ನನ್ನ ಹೆಂಡತಿ, “ಬೇಡವೆಂದರೆ ನಾಳೆಯಿಂದ ನೀವು ಬಾವಿಕಟ್ಟೆಯ ಹತ್ತಿರ ಹೋಗಕೂಡದು ರೀ” ಎಂದಷ್ಟೇ ಹೇಳಿದಳು. ಅವಳ ಮಾತೇ ಹೆಚ್ಚು ನಾಟಿತು.

ಇಂಥ ಯಂತ್ರವನ್ನು ಮೊದಲು ಶರೀರದೊಳಗೆ ಅಳವಡಿಸಿದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನಲ್ಲಿ. ರೋಗಿ ಆರ್ನೆ ಲಾರ್ಸನ್. ಶಸ್ತ್ರವೈದ್ಯ ಸೆನ್ನಿಂಗ್, ಯಂತ್ರ ರೂಪಿಸಿದವರು ಎಲ್ಮ್‌ಕ್ವಿಸ್ಟ್. ಇಬ್ಬರನ್ನೂ ಕಾಡಿ ಒಪ್ಪಿಸಿದವರು ಲಾರ್ಸನ್ನರ ಪತ್ನಿ. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆದರೂ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಳ್ಳುತ್ತ ಅವರು 2001ರವರೆಗೆ, 86 ವರ್ಷ ಬದುಕಿದರು. ಈಗಿನದು ಬೆಂಕಿಪೆಟ್ಟಿಗೆಗಿಂತ ಹೆಚ್ಚು ದೊಡ್ಡದಲ್ಲ. ಕೊರಳೆಲುಬಿನ ಕೆಳಗೆ ಚರ್ಮದಡಿ ಇಟ್ಟು, ರಕ್ತನಾಳದೊಳಗಿಂದ ತಂತಿಯನ್ನು ಹೃದಯಕ್ಕೆ ಮುಟ್ಟಿಸುತ್ತಾರೆ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರವಿನ ಮದ್ದು ಸಾಕು. ಬ್ಯಾಟರಿ ಹಲವು ವರ್ಷ ಬರುತ್ತದೆ.

ನನಗಿದ್ದ ಅಳುಕು ಬೇರೆ: ಇನ್ನು ನನ್ನ ಬಡಿತ ನನ್ನದಾಗಿರುವುದೇ? ವೈದ್ಯರು ನಕ್ಕು, ಹೃದಯ ತಾನಾಗಿ ಬಡಿಯುವಷ್ಟು ಹೊತ್ತೂ ಅದು ಸುಮ್ಮನಿರುವುದೆಂದೂ, ಬಡಿತ ತಡವಾದಾಗ ಮಾತ್ರ ಎಚ್ಚರಿಸುವುದೆಂದೂ ತಿಳಿಸಿದರು. ಪದ್ಯ ಒಪ್ಪಿಸುವ ಹುಡುಗ ತಡವರಿಸಿದಾಗ ಮುಂದಿನ ಪದವನ್ನು ಮೆಲ್ಲನೆ ಎತ್ತಿಕೊಡುವುದು ನನಗೂ ಅಭ್ಯಾಸವೇ. ಅದಕ್ಕಾಗಿ ಯಾವ ಹುಡುಗನೂ ನಾಚಿಕೊಂಡಿಲ್ಲ.

ಈ ದಸರಾ ರಜೆಯಲ್ಲಿ ಮೈಸೂರಿಗೆ ಹೋಗಿ ಹಾಕಿಸಿಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಶ್ರೋತೃಗಳಲ್ಲಿ ಯಾರಿಗಾದರೂ ಕಣ್ಣು ಕತ್ತಲಿಡುತ್ತಿದ್ದರೆ, ಕಾರಣವಿಲ್ಲದೆ ಆಯಾಸವಾಗುತ್ತಿದ್ದರೆ, ನನ್ನಂತೆ ವಯಸ್ಸಿನ ಮೇಲೆ ಹೊರಿಸದಿರಿ. ಹೆಬ್ಬೆರಳ ಬುಡದ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿ. ಎಣಿಕೆ ಏನೇ ಬಂದರೂ ವೈದ್ಯರಲ್ಲಿಗೆ ಹೋಗಿ.