ಮಂಗನ ಕಾಯಿಲೆಯೂ ತಾಲ್ಲೂಕಿನ ಗಡಿಯೂ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆಸುಪಾಸಿನ ಹಳ್ಳಿಗರು ಜ್ವರದಿಂದ ಮಲಗಿದರು. ಹಳದಿ ಜ್ವರ ನಮ್ಮ ದೇಶಕ್ಕೂ ಕಾಲಿಟ್ಟಿತೇನೋ ಎಂದು ಮೊದಲು ಅನುಮಾನ ಪಟ್ಟದ್ದುಂಟು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸಿಕ್ಕಿದ್ದು ಬೇರೆಯೇ ವೈರಸ್. ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ಬಳಗದ್ದು, ಉಣುಗು ಕಚ್ಚಿ ಹರಡುವಂಥದ್ದು. ಅದಕ್ಕೆ ಸೊರಬದ ಕಾಡಿನ ಹೆಸರೇ ಅಂಟಿಕೊಂಡಿತು, ಕಾಯಿಲೆ ಮಾತ್ರ ಸೊರಬದಲ್ಲೇ ಉಳಿಯಲಿಲ್ಲ. ದಶಕಗಳ ಕಾಲ ಮಲೆನಾಡು ಕರಾವಳಿಯ ಐದು ಜಿಲ್ಲೆಗಳದ್ದು ಎನಿಸಿಕೊಂಡಿದ್ದದ್ದು 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು. ಆಮೇಲೆ ವಯನಾಡು, ನೀಲಗಿರಿ, ಗೋವಾದ ಸತ್ತರಿ, 2016ರ ಹೊತ್ತಿಗೆ ಮಹಾರಾಷ್ಟ್ರದ ಸಿಂಧುದುರ್ಗ. ಕಾಯಿಲೆ ಹರಡಿದ್ದಲ್ಲ, ಪರೀಕ್ಷೆ ಹೆಚ್ಚಿದ್ದರಿಂದ ಕಣ್ಣಿಗೆ ಬಿತ್ತು ಎನ್ನುವವರಿದ್ದಾರೆ. ಇರಬಹುದು. ಹಾಗಿದ್ದರೆ ನೆರೆಯವರ ಪರೀಕ್ಷೆಯ ಫಲಿತಾಂಶ ನಮಗೆ ಇನ್ನಷ್ಟು ಬೇಕು.

ನನ್ನ ವಾದ ಇಷ್ಟೇ: ಈ ಕಾಯಿಲೆಗೆ ಸಿದ್ಧತೆ ನಡೆಯಬೇಕಾದದ್ದು ಕಾಡಿನ ನಕ್ಷೆ ಹಿಡಿದು, ಕಂದಾಯ ನಕ್ಷೆ ಹಿಡಿದಲ್ಲ. ಸತ್ತ ಮಂಗವೇ ಮೊದಲ ಮುನ್ಸೂಚನೆ. ಅದರ ಮೈಬಿಟ್ಟ ಉಣುಗು ಸುತ್ತಲಿನ ನೆಲಕ್ಕೆ ಉದುರುತ್ತದೆ. ಚಳಿಗಾಲದಿಂದ ಮಳೆಗಾಲದವರೆಗೆ, ಅಂದರೆ ಜನ ತರಗೆಲೆ, ಕಟ್ಟಿಗೆಗೆಂದು ಕಾಡಿಗೆ ಹೋಗುವ ದಿನಗಳಲ್ಲೇ, ಮರಿ ಉಣುಗುಗಳ ಕಾಟ ಹೆಚ್ಚು. ನೆರೆ ಜಿಲ್ಲೆಯ ಸಿದ್ದಾಪುರದ ಅಂಚಿನಲ್ಲಿ ಮಂಗ ಸತ್ತ ಸುದ್ದಿ ಜಿಲ್ಲಾ ಕೇಂದ್ರಗಳಾದ ಕಾರವಾರ, ಶಿವಮೊಗ್ಗ ಸುತ್ತಿಕೊಂಡು ಸೊರಬಕ್ಕೆ ಬರುವುದಾದರೆ ಅಷ್ಟರಲ್ಲಿ ಎಷ್ಟು ಜನ ಆ ಕಾಡು ಹೊಕ್ಕು ಬಂದಿರುತ್ತಾರೋ! ಶಿಕಾರಿಪುರದ ಬಯಲು ಸೀಮೆಯವರಿಗೆ ಇದು ಘಟ್ಟದ ಅಂಚಿನವರ ತಾಪತ್ರಯ ಅನ್ನಿಸಬಹುದು. ಆದರೆ ಉಣುಗು ಕಚ್ಚಿ ಜ್ವರ ಬರಲು ಮೂರರಿಂದ ಎಂಟು ದಿನ ಬೇಕು. ಅಡಿಕೆ ತೋಟದ ಕೆಲಸ ಮುಗಿಸಿ ಊರಿಗೆ ಮರಳಿದ ಕೂಲಿಯವರು ಹೋಗುವುದು ಊರಿನ ಆಸ್ಪತ್ರೆಗೇ. ಅಲ್ಲಿನ ವೈದ್ಯರಿಗೆ ಆ ವಾರ ಯಾವ ಕಾಡಿನಲ್ಲಿ ಮಂಗ ಸತ್ತಿದೆ ಎಂದು ಗೊತ್ತಿಲ್ಲದಿದ್ದರೆ ಡೆಂಗಿಯನ್ನೇ ಹುಡುಕುತ್ತಾ ಕೂರಬೇಕಾದೀತು.

ಲಸಿಕೆ ಇದ್ದರೆ ಈ ಗೋಜೆಲ್ಲ ಏಕೆ ಎಂದು ಕೇಳಬಹುದು. ಹಳೆಯ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ರಕ್ಷಣೆಯೂ ಅರೆಬರೆ. ಅದರ ಬಳಕೆ ಈಗ ನಿಂತಿದೆ. ಹೊಸದು ಬಂದರೂ ಯಾವ ಊರಿಗೆ ಮೊದಲು ಎಂದು ತೀರ್ಮಾನಿಸಲು ಇದೇ ಮಾಹಿತಿ ಬೇಕು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಎಲ್ಲರ ಹೊಣೆ ಯಾರ ಹೊಣೆಯೂ ಅಲ್ಲ. ಅರಣ್ಯ, ಪಶುಪಾಲನೆ, ಆರೋಗ್ಯ ಎಂಬ ಮೂರು ಇಲಾಖೆಗಳ ಜೊತೆಗೆ ಎರಡು ಮೂರು ಜಿಲ್ಲೆಗಳೂ ಸೇರಿದರೆ ಕಡತ ತಿರುಗುವುದರಲ್ಲೇ ಬೇಸಿಗೆ ಕಳೆದೀತು. ಒಪ್ಪುತ್ತೇನೆ. ಹಾಗಾಗಿ ದೊಡ್ಡ ಸಮಿತಿ ಬೇಡ. ತಾಲ್ಲೂಕಿಗೊಬ್ಬ ಅಧಿಕಾರಿ ಸಾಕು. ಮಂಗ ಸತ್ತ ಜಾಗ, ರಕ್ತ ಪರೀಕ್ಷೆಯ ಫಲಿತಾಂಶ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯ ದಾಸ್ತಾನು, ಇಷ್ಟನ್ನು ಅಂದಂದೇ ನೆರೆಯ ತಾಲ್ಲೂಕಿಗೆ ತಿಳಿಸುವ ಅಧಿಕಾರ ಅವರಿಗಿರಲಿ. ಸೊರಬ, ಶಿಕಾರಿಪುರ, ಸಾಗರ, ಸಿದ್ದಾಪುರ, ಶಿರಸಿ, ಹಾನಗಲ್ಲ, ಹಿರೇಕೆರೂರಿನ ಆರೋಗ್ಯಾಧಿಕಾರಿಗಳು ನವೆಂಬರಿಗೆ ಮೊದಲು ಒಮ್ಮೆ ಒಟ್ಟಿಗೆ ಕೂರಲಿ ಎಂದು ನಿಮ್ಮ ನಿಮ್ಮ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಕಳಿಸಿ.