ನಮ್ಮ ದೇವಾಲಯದ ಸುಣ್ಣ
(ಶತಮಾನೋತ್ಸವದ ಪೂರ್ವಭಾವಿ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ನಿಮಿತ್ತ ನಮ್ಮ ದೇವಾಲಯದ ಹಳೆಯ ಗಾರೆಯನ್ನು ಕೆತ್ತಿ ತೆಗೆದು, ಸಿಮೆಂಟಿನ ಗಿಲಾವು ಮಾಡಬೇಕೆಂಬ ಸಲಹೆ ಬಂದಿದೆ. ಗಿಲಾವೇ ಬೇಡ, ಮುರಕಲ್ಲು ಹಾಗೆಯೇ ಕಾಣಲಿ ಎಂಬ ಆಸೆ ಕೆಲವರದು. ತೀರ್ಮಾನಕ್ಕೆ ಮೊದಲು ಆ ಗಾರೆ ಎಂಥದೆಂಬುದನ್ನು ತಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕಡಲ ಜೀವಿಗಳು ನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿ ಚಿಪ್ಪು ಕಟ್ಟಿಕೊಳ್ಳುತ್ತವೆ. ಅವು ಸತ್ತ ಬಳಿಕ ಚಿಪ್ಪುಗಳು ಕಡಲ ತಳದಲ್ಲಿ ಪದರ ಪದರವಾಗಿ ಕೂಡಿ, ಲಕ್ಷೋಪಲಕ್ಷ ವರ್ಷಗಳಲ್ಲಿ ಬಿಗಿದು ಸುಣ್ಣದಕಲ್ಲಾಗುತ್ತವೆ. (ನಾವು ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಮಾತ್ರ ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಮುಂಚಿನದು, ಅದರ ಕಥೆ ಬೇರೆ.) ನಮ್ಮ ಕರಾವಳಿಯ ಹಿರಿಯರು ಕಲ್ಲಿಗಾಗಿ ಘಟ್ಟ ಹತ್ತಲಿಲ್ಲ, ಅಳಿವೆಗಳಿಂದ ಚಿಪ್ಪನ್ನೇ ಆರಿಸಿ ತಂದರು. ಎರಡೂ ಒಂದೇ ವಸ್ತು.

ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. 100 ಸೇರಿನಲ್ಲಿ ಉಳಿಯುವುದು 56 ಸೇರು. ನೀರೆರೆದರೆ ಕುದಿದು ಅರಳುತ್ತದೆ. ಮರಳಿನೊಡನೆ ಅರೆದು ಗೋಡೆಗೆ ಬಳಿದ ಮೇಲೆ, ಕಳೆದುಕೊಂಡ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಪಡೆದು ಪುನಃ ಸುಣ್ಣದಕಲ್ಲೇ ಆಗುತ್ತದೆ. ನಮ್ಮ ಗೋಡೆಗಳ ಮೇಲಿರುವುದು ಆ ಕಲ್ಲಿನ ಹೊದಿಕೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಮಳೆಯ ಹೊಡೆತವನ್ನು ತಾನು ತಾಳಿಕೊಂಡು, ಒಳಗಿನ ತೇವ ಆವಿಯಾಗಿ ಹೊರಹೋಗಲು ಎಡೆಕೊಡುತ್ತದೆ. ಸಿಮೆಂಟು ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ತೇವವೂ ಉಪ್ಪೂ ಒಳಗೇ ನಿಂತು ಕಲ್ಲನ್ನು ಪುಡಿಗಟ್ಟುತ್ತವೆ. ಹೊರಗಿನಿಂದ ನೋಡಿದವರಿಗೆ ಗೋಡೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ!

ಗಿಲಾವೇ ಬೇಡವೆನ್ನುವವರು ಹಳೆಯ ಗೋವೆಯನ್ನು ನೆನೆಯಬೇಕು. ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಬೋಂ ಜೆಸು ಮಹಾದೇವಾಲಯದ ಕಟ್ಟಡ 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಯಾಯಿತು. ನಮ್ಮಲ್ಲಿ ಅನೇಕರು ಅದನ್ನು ಕೆಂಪು ಕಲ್ಲಿನ ದೇವಾಲಯವೆಂದೇ ಬಲ್ಲೆವು. ಆದರೆ ಮೂರೂವರೆ ಶತಮಾನ ಅದು ಸುಣ್ಣದ ಹೊದಿಕೆಯಲ್ಲಿತ್ತು. ಪ್ರಾಚೀನತೆ ಎದ್ದು ಕಾಣಲೆಂದು 1950ರ ದಶಕದಲ್ಲಿ ಆ ಗಾರೆಯನ್ನು ಕಿತ್ತರು. ಅಂದಿನಿಂದ ಪ್ರತಿ ಮಳೆಗಾಲವೂ ಬರಿಯ ಮುರಕಲ್ಲನ್ನು ಸವೆಸುತ್ತಿದೆ. ಮತ್ತೆ ಗಾರೆ ಬಳಿಯಬೇಕೆಂಬ ಕೂಗು ಅಲ್ಲಿಂದಲೇ ಎದ್ದಿದೆ. ಕಿತ್ತದ್ದು ದ್ವೇಷದಿಂದಲ್ಲ, ಅಭಿಮಾನದಿಂದ ಎಂಬುದೇ ನನ್ನನ್ನು ಕಾಡುವ ಸಂಗತಿ.

ನಮ್ಮ ಉತ್ತರದ ಗೋಡೆಯಲ್ಲಿ ಗಾರೆ ಬಿರಿದಿದೆ, ನಿಜ. ಬಿರಿದಷ್ಟನ್ನು ಸುಣ್ಣದಿಂದಲೇ ತುಂಬೋಣ. ಅರಳಿಸಿದ ಸುಣ್ಣ ಕೆಲವು ತಿಂಗಳು ನೀರಿನಲ್ಲಿ ನೆನೆದಷ್ಟೂ ಉತ್ತಮ. ದೇವಾಲಯದ ಹಿಂಬದಿಯಲ್ಲಿ ಗುಂಡಿ ತೋಡಲು ಗುರುಗಳು ಈ ವಾರವೇ ಅಪ್ಪಣೆ ಕೊಟ್ಟರೆ, ಚಿಪ್ಪು ತರಿಸುವ ಹೊಣೆ ನನ್ನದು.